ದಾರಿ ಬಲ್ಲವರನ್ನು ಕೇಳುವ ಬಗೆ

ಹೊಸ ಊರಿಗೆ ಬಂದಿಳಿದವನು ದಾರಿ ಕೇಳಿಕೊಂಡೇ ಮುಂದೆ ಸಾಗುತ್ತಾನೆ. ಹಾಗೆ ಕೇಳುವುದರಲ್ಲಿ ಅವನಿಗೆ ನಾಚಿಕೆಯಿಲ್ಲ; ಹೇಳುವವನಿಗೂ ಬೇಸರವಿಲ್ಲ. ದಾದರಿನ ನಿಲ್ದಾಣದಲ್ಲಿ ನಿಂತು, ಠಾಣೆಯ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಗುರುತು ಪರಿಚಯವಿಲ್ಲದವರನ್ನು ಕೇಳಲು ನಮ್ಮಲ್ಲಿ ಯಾರೂ ಹಿಂಜರಿಯುವುದಿಲ್ಲ. ಆದರೆ ಅರ್ಧ ಗಂಟೆಯ ಪ್ರಯಾಣಕ್ಕೆ ನಾಲ್ಕು ಜನರನ್ನು ವಿಚಾರಿಸುವ ನಾವು, ಮೂವತ್ತು ನಲವತ್ತು ವರ್ಷ ನಡೆಯಬೇಕಾದ ದುಡಿಮೆಯ ದಾರಿಯನ್ನು ಮಾತ್ರ ಯಾರನ್ನೂ ಕೇಳದೆ ಹಿಡಿದುಬಿಡುತ್ತೇವೆ. ಇದು ವಿದ್ಯಾರ್ಥಿಗಳಾದ ನೀವು ಕುಳಿತು ವಿಚಾರ ಮಾಡತಕ್ಕ ವಿಷಯವಾಗಿದೆ.

ಮುಂಬಯಿಯಂತಹ ಮಹಾನಗರದ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಒಬ್ಬರು ಹೋಟೆಲಿನಲ್ಲಿ ದುಡಿದರೆ ಇನ್ನೊಬ್ಬರು ಕಟ್ಟಡದ ಕೆಲಸದಲ್ಲಿದ್ದಾರೆ. ಮತ್ತೊಬ್ಬರು ನಾಲ್ಕು ಮನೆಗಳ ಕೆಲಸ ಮಾಡಿ ಮಕ್ಕಳನ್ನು ಓದಿಸುತ್ತಿದ್ದಾರೆ. ಆ ಮನೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಬಂದವರಲ್ಲಿ ನೀವೇ ಮೊದಲಿಗರಾಗಿರಬಹುದು. ವೈದ್ಯರ ಮಗಳಿಗೆ ವೈದ್ಯಕೀಯ ಶಿಕ್ಷಣದ ವಿಷಯವು ಊಟಕ್ಕೆ ಕುಳಿತಾಗಲೇ ಕಿವಿಗೆ ಬೀಳುತ್ತದೆ. ವಕೀಲರ ಮಗನಿಗೆ ಕೋರ್ಟಿನ ಹಾದಿ ಚಿಕ್ಕಂದಿನಿಂದಲೇ ಪರಿಚಿತವಾಗಿರುತ್ತದೆ. ಅಂತಹ ತಿಳಿವಳಿಕೆಯು ನಿಮಗೆ ಮನೆಯಲ್ಲಿ ದೊರೆಯಲಾರದು. ನಿಮ್ಮ ತಂದೆತಾಯಿಗಳು ನಿಮಗಾಗಿ ಬೆವರು ಸುರಿಸಬಲ್ಲರು; ಆದರೆ ತಾವು ಕಾಣದ ದಾರಿಯನ್ನು ಅವರು ತೋರಿಸುವುದು ಹೇಗೆ?

ಇದರ ಮೇಲೆ ಇನ್ನೊಂದು ಕಷ್ಟವೂ ಇದೆ. ಹತ್ತನೆಯ ಇಯತ್ತೆ ಮುಗಿಯುತ್ತಲೇ ನಮ್ಮ ಕನ್ನಡ ಮಾಧ್ಯಮವೂ ಮುಗಿಯುತ್ತದೆ. ಮುಂದಿನ ಕಾಲೇಜು ಇಂಗ್ಲಿಷಿನದು. ಪರೀಕ್ಷೆಯ ಫಲಿತಾಂಶ ಬಂದು ಕೆಲವೇ ವಾರಗಳಲ್ಲಿ ಕಲಾ ವಿಭಾಗವೋ, ವಾಣಿಜ್ಯವೋ, ವಿಜ್ಞಾನವೋ, ಐ.ಟಿ.ಐ.ಯೋ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಆ ಗಡಿಬಿಡಿಯಲ್ಲಿ ಗೆಳೆಯನು ಸೇರಿದ ಕಾಲೇಜಿಗೆ ತಾನೂ ಸೇರುವವರುಂಟು. ಅರ್ಜಿಯ ಕೊನೆಯ ದಿನ ತಿಳಿಯದೆ ಒಂದು ವರ್ಷವನ್ನೇ ಕಳೆದುಕೊಳ್ಳುವವರೂ ಉಂಟು. ಬುದ್ಧಿಯಲ್ಲಿ ಇವರು ಯಾರಿಗೂ ಕಡಿಮೆಯಿಲ್ಲ. ಹೇಳುವವರು ಇರಲಿಲ್ಲವೆಂಬುದಷ್ಟೇ ಇವರ ಕೊರತೆ. ಆದುದರಿಂದ ಹೇಳಬಲ್ಲವರನ್ನು ಹುಡುಕುವುದೂ, ಅವರನ್ನು ಸರಿಯಾದ ರೀತಿಯಲ್ಲಿ ಕೇಳುವುದೂ ನೀವು ಕಲಿಯಲೇಬೇಕಾದ ಒಂದು ವಿದ್ಯೆ. ಅದನ್ನು ಇಲ್ಲಿ ಸಾಧ್ಯವಾದಷ್ಟು ಸರಳವಾಗಿ ವಿವರಿಸುತ್ತೇನೆ.

ಮಾರ್ಗದರ್ಶನವೂ ಶಿಫಾರಸೂ

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. 'ದೊಡ್ಡವರ ಪರಿಚಯವಿದ್ದರೆ ಕೆಲಸ ಸಿಗುತ್ತದೆ' ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಅದು ಶಿಫಾರಸಿನ ಮಾತು. ಶಿಫಾರಸು ಕೇಳುವವನು ಇನ್ನೊಬ್ಬರ ಪ್ರಭಾವವನ್ನು ಬೇಡುತ್ತಾನೆ. ಮಾರ್ಗದರ್ಶನ ಕೇಳುವವನು ಇನ್ನೊಬ್ಬರ ಅನುಭವವನ್ನು ಬೇಡುತ್ತಾನೆ. ಪ್ರಭಾವವನ್ನು ಕೊಡುವವನಿಗೆ ಅದರಿಂದ ಹೊರೆಯಾಗುತ್ತದೆ, ಕೆಲವೊಮ್ಮೆ ಅಪವಾದವೂ ಬರುತ್ತದೆ. ಅನುಭವವಾದರೋ ಎಷ್ಟು ಕೊಟ್ಟರೂ ಸವೆಯುವಂಥದಲ್ಲ. ಈ ಕಾರಣದಿಂದಲೇ ಶಿಫಾರಸು ಕೇಳಿದರೆ ಮುಖ ತಿರುಗಿಸುವ ಹಿರಿಯರು ದಾರಿ ಕೇಳಿದರೆ ಕುಳ್ಳಿರಿಸಿ ಹೇಳುತ್ತಾರೆ.

ಒಳ್ಳೆಯ ಮಾರ್ಗದರ್ಶಕರಿಂದ ನಮಗೆ ದೊರೆಯುವ ಲಾಭಗಳು ಮುಖ್ಯವಾಗಿ ಮೂರು. ಯಾವ ವೃತ್ತಿಗೆ ಎಷ್ಟು ವರ್ಷದ ಓದು, ಎಷ್ಟು ಖರ್ಚು, ಎಂತಹ ಶ್ರಮ ಎಂಬ ನಿಜಸ್ಥಿತಿಯನ್ನು ಅವರು ತಿಳಿಸುತ್ತಾರೆ. ನಾವು ಮಾಡಿದ ಕೆಲಸವನ್ನು ನೋಡಿ ತಪ್ಪು ಒಪ್ಪುಗಳನ್ನು ಹೇಳುತ್ತಾರೆ. ತಮಗೆ ತಿಳಿಯದ ವಿಷಯವಾದರೆ ತಿಳಿದ ಇನ್ನೊಬ್ಬರ ಬಳಿಗೆ ಕಳುಹಿಸುತ್ತಾರೆ. ಈ ಮೂರನೆಯದು ಮೇಲುನೋಟಕ್ಕೆ ಚಿಕ್ಕದಾಗಿ ಕಂಡರೂ, ಅನೇಕರ ಬಾಳು ತಿರುಗಿದುದು ಇದರಿಂದಲೇ.

ಹೇಗೆ ಕೇಳಬೇಕೆಂಬುದಕ್ಕೆ ನನಗೆ ತೋರುವ ಸೂತ್ರ ಒಂದೇ: ತಾನು ಮಾಡಿದ ಕೆಲಸವನ್ನು ಕೈಯಲ್ಲಿ ಹಿಡಿದು ಹೋಗಬೇಕು, ಉತ್ತರಿಸಲು ಸಾಧ್ಯವಾದ ಸಣ್ಣ ಪ್ರಶ್ನೆಯನ್ನು ಕೇಳಬೇಕು. ಈ ಸೂತ್ರದ ಸತ್ಯವನ್ನು ಇಬ್ಬರು ಬಡ ಯುವಕರ ಚರಿತ್ರೆಯಿಂದ ತೋರಿಸುತ್ತೇನೆ.

ಪುಸ್ತಕ ಕಟ್ಟುವ ಹುಡುಗ

ಮೈಕೇಲ್ ಫ್ಯಾರಡೆಯು 1791ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಓದುಬರಹ ಮತ್ತು ಲೆಕ್ಕಗಳನ್ನು ಬಿಟ್ಟರೆ ಅವನಿಗೆ ಹೆಚ್ಚಿನ ಶಾಲಾಶಿಕ್ಷಣವಾಗಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಒಬ್ಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿ ಏಳು ವರ್ಷ ದುಡಿದನು. ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವುದರ ಜೊತೆಗೆ ಓದುತ್ತಲೂ ಇದ್ದನು. ಅವನ ಆಸಕ್ತಿಯನ್ನು ಕಂಡ ಗಿರಾಕಿಯೊಬ್ಬರು, ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನು ನೀಡುತ್ತಿದ್ದ ಉಪನ್ಯಾಸಗಳಿಗೆ 1812ರಲ್ಲಿ ಪ್ರವೇಶದ ಚೀಟಿ ಕೊಟ್ಟರು.

ವಿಜ್ಞಾನದ ಸೇವೆಯಲ್ಲಿಯೇ ಬಾಳಬೇಕೆಂಬ ಹಂಬಲ ಫ್ಯಾರಡೆಯ ಮನಸ್ಸಿನಲ್ಲಿ ಬಲವಾಯಿತು. ಅವನು ಇಂಗ್ಲೆಂಡಿನ ವಿಜ್ಞಾನಿಗಳಲ್ಲಿ ಅಗ್ರಸ್ಥಾನದಲ್ಲಿದ್ದ, ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ, ವಿಜ್ಞಾನಕ್ಕೆ ಸಂಬಂಧಿಸಿದ ಯಾವುದಾದರೊಂದು ಕೆಲಸ ಬೇಕೆಂದು ಪತ್ರ ಬರೆದನು. ಅದಕ್ಕೆ ಉತ್ತರ ಬರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಡೇವಿಗೆ ಬರೆದನು. ಈ ಸಲ ಪತ್ರವೊಂದೇ ಹೋಗಲಿಲ್ಲ. ಡೇವಿಯ ಉಪನ್ಯಾಸಗಳನ್ನು ಕೇಳುವಾಗ ಬರೆದುಕೊಂಡ ಟಿಪ್ಪಣಿಗಳನ್ನು ಮನೆಯಲ್ಲಿ ಕುಳಿತು ವಿಸ್ತರಿಸಿ, ಉಪಕರಣಗಳ ಚಿತ್ರಗಳನ್ನು ಸೇರಿಸಿ, ತಾನೇ ಅಂದವಾಗಿ ರಟ್ಟು ಕಟ್ಟಿದ ಪುಸ್ತಕವು ಪತ್ರದ ಜೊತೆಗೆ ಹೋಯಿತು. ಡಿಸೆಂಬರ್ 24ರಂದೇ ಡೇವಿಯು ಉತ್ತರ ಬರೆದನು. ತಾನು ಪರ ಊರಿಗೆ ಹೊರಟಿರುವುದಾಗಿಯೂ ಮರಳಿ ಬಂದ ಮೇಲೆ ಭೇಟಿಯಾಗುವುದಾಗಿಯೂ ತಿಳಿಸಿದನು.

ಎರಡು ಪತ್ರಗಳನ್ನೂ ಬರೆದವನು ಅದೇ ಹುಡುಗ. ಅವನ ಬಡತನವೂ ಅದೇ, ಹಂಬಲವೂ ಅದೇ. ಆದರೆ ಎರಡನೆಯ ಸಲ ಅವನ ಆಸಕ್ತಿಗೆ ಸಾಕ್ಷಿ ಹೇಳುವ ಕೃತಿಯೊಂದು ಜೊತೆಗಿತ್ತು. ಅದು ತಲುಪಿದ್ದೂ ಅದರ ಬೆಲೆಯನ್ನು ಅರಿಯತಕ್ಕ ವ್ಯಕ್ತಿಯ ಕೈಗೆ. 'ನನಗೆ ವಿಜ್ಞಾನದಲ್ಲಿ ಬಹಳ ಆಸಕ್ತಿ' ಎಂದು ಯಾರು ಬೇಕಾದರೂ ಬರೆಯಬಹುದು. ನೂರಾರು ಪುಟಗಳ ಹಸ್ತಪ್ರತಿಯನ್ನು ಆಸಕ್ತಿಯಿಲ್ಲದವನು ಸಿದ್ಧಪಡಿಸಲಾರನು.

ಭೇಟಿಯಲ್ಲಿ ಡೇವಿಯು ಕೂಡಲೇ ಕೆಲಸ ಕೊಡಲಿಲ್ಲವೆಂಬುದನ್ನೂ ನೀವು ಗಮನಿಸಬೇಕು. ವಿಜ್ಞಾನದಲ್ಲಿ ಶ್ರಮ ಹೆಚ್ಚು, ಹಣ ಕಡಿಮೆ. ಕೈಯಲ್ಲಿರುವ ವೃತ್ತಿಯನ್ನು ಬಿಡಬೇಡವೆಂದು ಬುದ್ಧಿ ಹೇಳಿದನು. ಕೆಲವು ವಾರಗಳಲ್ಲಿ ಸಂಸ್ಥೆಯ ಸಹಾಯಕನ ಸ್ಥಾನ ತೆರವಾದಾಗ ಮಾತ್ರ ಅವನಿಗೆ ಈ ಹುಡುಗನ ನೆನಪಾಯಿತು. 1813ರ ಮಾರ್ಚಿನಲ್ಲಿ ಫ್ಯಾರಡೆಯ ನೇಮಕವಾಯಿತು. ಮುಂದೆ 1831ರಲ್ಲಿ ಅವನು ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವದ ಮೇಲೆಯೇ ವಿದ್ಯುಜ್ಜನಕ ಯಂತ್ರಗಳು ನಿಂತಿವೆ. 1925ರಲ್ಲಿ ಬೋರಿಬಂದರಿನಿಂದ ಕುರ್ಲಾದವರೆಗೆ ನಮ್ಮ ದೇಶದ ಮೊದಲ ವಿದ್ಯುತ್ ರೈಲು ಓಡಿದುದಕ್ಕೂ, ಇಂದು ನೀವು ಲೋಕಲ್ ಗಾಡಿಯಲ್ಲಿ ಓಡಾಡುವುದಕ್ಕೂ ಆ ತತ್ತ್ವವೇ ಆಧಾರ.

ಬಂದರಿನ ಗುಮಾಸ್ತ

ಎರಡನೆಯ ಉದಾಹರಣೆ ನಮ್ಮ ದೇಶದ್ದೇ. ಶ್ರೀನಿವಾಸ ರಾಮಾನುಜನ್ನರು ಗಣಿತವೊಂದರಲ್ಲಿಯೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದುದರಿಂದ ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಲಿಲ್ಲ. ಕೆಲಸವಿಲ್ಲದೆ ಕಷ್ಟಪಡುತ್ತಿದ್ದಾಗ, 1910ರ ಸುಮಾರಿಗೆ, ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರನ್ನು ಕಾಣಹೋದರು. ಅಯ್ಯರರು 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು. ರಾಮಾನುಜನ್ನರು ಕೇಳಿದುದು ಒಂದು ಗುಮಾಸ್ತಗಿರಿ. ಆದರೆ ಕೈಯಲ್ಲಿ ಇದ್ದುದು ತಮ್ಮ ಗಣಿತದ ಟಿಪ್ಪಣಿ ಪುಸ್ತಕ. ಅದನ್ನು ತಿರುವಿ ಹಾಕಿದ ಅಯ್ಯರರು, ಇಂತಹ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಗಿನ ಹುದ್ದೆಯಲ್ಲಿ ಅಡಗಿಸಿಡುವುದು ಉಚಿತವಲ್ಲವೆಂದು ಬಗೆದು, ಪರಿಚಯದ ಪತ್ರ ಕೊಟ್ಟು ಮದರಾಸಿನ ಗಣಿತಜ್ಞರ ಬಳಿಗೆ ಕಳುಹಿಸಿದರು. ಹೀಗೆ ಒಬ್ಬರಿಂದ ಒಬ್ಬರಿಗೆ ಪರಿಚಯವಾಗುತ್ತ ಅವರು ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರರಾಯರ ಆಶ್ರಯವನ್ನು ಪಡೆದರು. 1912ರಲ್ಲಿ ಮದರಾಸು ಬಂದರಿನ ಪೋರ್ಟ್ ಟ್ರಸ್ಟ್ ಕಛೇರಿಯಲ್ಲಿ ಗುಮಾಸ್ತರಾದರು.

ಅಲ್ಲಿಂದ ಅವರು ಇಂಗ್ಲೆಂಡಿನ ಗಣಿತಜ್ಞರಿಗೆ ಪತ್ರ ಬರೆಯತೊಡಗಿದರು. ಕೇಂಬ್ರಿಜಿನ ಬೇಕರ್ ಮತ್ತು ಹಾಬ್ಸನ್ ಎಂಬ ಇಬ್ಬರು ಪ್ರಾಧ್ಯಾಪಕರಿಂದ ಸಹಾಯ ದೊರೆಯಲಿಲ್ಲ. 1913ರ ಜನವರಿ 16ರಂದು ಜಿ. ಎಚ್. ಹಾರ್ಡಿಯವರಿಗೆ ಬರೆದ ಪತ್ರವು ಫಲಿಸಿತು. ಆ ಪತ್ರದಲ್ಲಿ ಗೋಳಾಟವಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ತಾನು ಬಂದರಿನ ಕಛೇರಿಯ ಲೆಕ್ಕದ ವಿಭಾಗದಲ್ಲಿ ವರ್ಷಕ್ಕೆ 20 ಪೌಂಡು ಸಂಬಳದ ಗುಮಾಸ್ತ. ವಿಶ್ವವಿದ್ಯಾನಿಲಯದ ಶಿಕ್ಷಣ ತನಗಿಲ್ಲ. ಬಿಡುವಿನ ವೇಳೆಯಲ್ಲಿ ಗಣಿತವನ್ನು ಅಭ್ಯಾಸ ಮಾಡಿದ್ದೇನೆ ಎಂದು ಇದ್ದುದನ್ನು ಇದ್ದಂತೆ ಹೇಳಿ, ತಾನು ಕಂಡುಕೊಂಡ ಪ್ರಮೇಯಗಳನ್ನು ಬರೆದಿದ್ದರು. ಅವುಗಳ ಸಂಖ್ಯೆ ಸುಮಾರು 120. ಹಾರ್ಡಿಯವರು ತಮ್ಮ ಸಹೋದ್ಯೋಗಿ ಲಿಟಲ್‌ವುಡ್ಡರೊಡನೆ ಅವನ್ನು ಪರಿಶೀಲಿಸಿ, ಫೆಬ್ರುವರಿ 8ರಂದು ಉತ್ತರ ಬರೆದು ಸಾಧನೆಗಳ ರುಜುವಾತು ಕೇಳಿದರು. 1914ರಲ್ಲಿ ರಾಮಾನುಜನ್ನರು ಇಂಗ್ಲೆಂಡಿಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

'ಅವರು ಮಹಾಪ್ರತಿಭಾವಂತರು, ನಮಗೂ ಅವರಿಗೂ ಏನು ಹೋಲಿಕೆ?' ಎಂದು ನೀವು ಕೇಳಬಹುದು. ಪ್ರತಿಭೆಯಲ್ಲಿ ಹೋಲಿಕೆ ಬೇಡ. ಅವರು ಕೇಳಿದ ಕ್ರಮವನ್ನು ಮಾತ್ರ ನೋಡಿರಿ. ತಮ್ಮ ಸ್ಥಿತಿಯನ್ನು ಮುಚ್ಚಿಡದೆ ನಾಲ್ಕು ಸಾಲಿನಲ್ಲಿ ಹೇಳಿದುದು, ಮಾಡಿದ ಕೆಲಸವನ್ನು ಮುಂದಿಟ್ಟುದು, ಉತ್ತರ ಬಾರದಿದ್ದಾಗ ಇನ್ನೊಬ್ಬರಿಗೆ ಬರೆದುದು ಎಂಬ ಈ ಕಾರ್ಯಗಳಿಗೆ ಮಹಾಪ್ರತಿಭೆಯ ಅಗತ್ಯವಿಲ್ಲ.

ಯಾರನ್ನು ಕೇಳಬೇಕು?

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ನಮ್ಮಲ್ಲಿದೆ. ಭೀಮಸೇನ ಜೋಶಿಯವರ ಬಾಲ್ಯವು ಈ ಗಾದೆಗೆ ಒಳ್ಳೆಯ ನಿದರ್ಶನ. ಗದುಗಿನ ಈ ಬಾಲಕನು ಸಂಗೀತ ಕಲಿಸುವ ಗುರುವನ್ನು ಅರಸುತ್ತ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟನು. ಗ್ವಾಲಿಯರ್, ಕಲ್ಕತ್ತ, ದಿಲ್ಲಿ ಎಂದು ಅಲೆದು ಪಂಜಾಬಿನ ಜಲಂಧರವನ್ನು ಮುಟ್ಟಿದನು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಹತ್ತಿರದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗೆಂದು ಹೇಳಿದರು. ಬಾಲಕನು ಹಿಂದಿರುಗಿ 1936ರಲ್ಲಿ ಸವಾಯಿ ಗಂಧರ್ವರ ಶಿಷ್ಯನಾದನು. ಅವನ ಹಾಗೆ ಮನೆ ಬಿಡುವುದು ನೀವು ಅನುಕರಿಸತಕ್ಕ ಮಾತಲ್ಲ. ಆದರೆ ದೇಶವನ್ನೆಲ್ಲ ಸುತ್ತಿ ಹುಡುಕಿದ ಗುರುವು ನೆರೆಯ ಊರಿನಲ್ಲಿಯೇ ಇದ್ದರೆಂಬುದನ್ನು ಮರೆಯಬೇಡಿರಿ. ಮುಂದೆ ಪುಣೆಯಲ್ಲಿ ನೆಲೆಸಿದ ಜೋಶಿಯವರು ಆ ಗುರುವಿನ ಹೆಸರಿನಲ್ಲಿ ಪ್ರತಿವರ್ಷ ಸಂಗೀತೋತ್ಸವ ನಡೆಸಿ ಋಣ ತೀರಿಸಿದರು. ಆ ಉತ್ಸವವು ಇಂದಿಗೂ ನಡೆಯುತ್ತಿದೆ.

ಆದುದರಿಂದ ಹುಡುಕಾಟವನ್ನು ಹತ್ತಿರದಿಂದ ಆರಂಭಿಸಬೇಕು. ಪತ್ರಿಕೆಗಳಲ್ಲಿ ಭಾವಚಿತ್ರ ಬರುವ ದೊಡ್ಡ ಉದ್ಯಮಿಗಿಂತ, ನಿಮಗಿಂತ ಏಳೆಂಟು ವರ್ಷ ಮುಂದೆ ಇದೇ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದು, ಈಗ ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯು ನಿಮಗೆ ಹೆಚ್ಚು ಉಪಯುಕ್ತನು. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಕಾಲೇಜಿಗೆ ಹೋದ ಮೊದಲ ಆರು ತಿಂಗಳು ಹೇಗಿರುತ್ತವೆಂಬುದು ಅವನಿಗೆ ಗೊತ್ತು, ಉದ್ಯಮಿಗೆ ಗೊತ್ತಿರಲಾರದು. ಶಾಲೆಯ ಶಿಕ್ಷಕರನ್ನು ವಿಚಾರಿಸಿದರೆ ಇಂತಹವರ ಹೆಸರುಗಳು ದೊರೆಯುತ್ತವೆ. ಮಾಟುಂಗದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘಗಳಂತಹ ಸಂಸ್ಥೆಗಳ ಸಭೆಗಳಿಗೆ ಹೋದರೆ ನಾನಾ ವೃತ್ತಿಗಳ ಕನ್ನಡಿಗರನ್ನು ಕಾಣಬಹುದು. ನರ್ಸ್ ಆಗಬೇಕೆನ್ನುವ ಹುಡುಗಿಯು ತನ್ನ ಚಾಳಿನಲ್ಲಿಯೇ ಇರುವ ಆಸ್ಪತ್ರೆಯ ಸಿಸ್ಟರನ್ನು ಬಿಟ್ಟು ಬೇರೆಲ್ಲಿಯೋ ಹುಡುಕುವ ಕಾರಣವಿಲ್ಲ. ದಾರಿ ಹೇಳುವವರು ಕನ್ನಡಿಗರೇ ಆಗಬೇಕೆಂಬ ನಿಯಮವೂ ಇಲ್ಲ. ಮರಾಠಿ, ಗುಜರಾತಿ ನೆರೆಯವರಲ್ಲಿಯೂ ಸಹೃದಯರು ಬೇಕಾದಷ್ಟು ಇದ್ದಾರೆ.

ಪತ್ರ ಬರೆಯುವ ಕ್ರಮ

ಕೇಳುವ ಮೊದಲು ನಾವಾಗಿಯೇ ತಿಳಿಯಬಹುದಾದುದನ್ನು ತಿಳಿದುಕೊಂಡಿರಬೇಕು. ಪ್ರವೇಶಕ್ಕೆ ಬೇಕಾದ ಅರ್ಹತೆ, ಅರ್ಜಿಯ ಕಾಲ ಮುಂತಾದವು ಸಂಸ್ಥೆಯ ಮಾಹಿತಿ ಪುಸ್ತಕದಲ್ಲಿ ಇರುತ್ತವೆ. ಈಗ ಮೊಬೈಲಿನಲ್ಲಿಯೂ ನೋಡಬಹುದು. ಮುದ್ರಿತ ಪುಸ್ತಕದಲ್ಲಿರುವುದನ್ನು ಕೆಲಸವಿರುವ ಮನುಷ್ಯನಿಂದ ಹೇಳಿಸಿಕೊಳ್ಳುವುದು ಅವರ ವೇಳೆಯನ್ನು ಹಾಳುಮಾಡಿದಂತೆ. ಪುಸ್ತಕದಲ್ಲಿ ಇಲ್ಲದುದನ್ನು, ಅನುಭವದಿಂದ ಮಾತ್ರ ತಿಳಿಯುವುದನ್ನು ಅವರಲ್ಲಿ ಕೇಳಬೇಕು.

'ಮಾನ್ಯರೇ, ನಾನು ಬಡ ವಿದ್ಯಾರ್ಥಿ. ತಾವೇ ನನಗೆ ದೇವರು. ಜೀವನದಲ್ಲಿ ಮುಂದೆ ಬರಲು ಏನು ಮಾಡಬೇಕೆಂದು ತಿಳಿಸಿ ಉದ್ಧರಿಸಬೇಕು' ಎಂದು ಬರೆದರೆ ಓದಿದವರು ಏನೆಂದು ಉತ್ತರ ಕೊಡಬೇಕು? ಪ್ರಶ್ನೆಯು ಆಕಾಶದಷ್ಟು ದೊಡ್ಡದು. ಬರೆದವನು ಯಾರು, ಏನು ಓದಿದ್ದಾನೆ, ಏನು ಬಲ್ಲನೆಂಬುದೊಂದೂ ಅದರಲ್ಲಿಲ್ಲ. ಒಳ್ಳೆಯ ಮನಸ್ಸಿನವರೂ ಇಂತಹ ಪತ್ರವನ್ನು ಬದಿಗಿಡುತ್ತಾರೆ. ಇದರ ಬದಲು ಹೀಗೆ ಬರೆಯಬಹುದು:

'ಮಾನ್ಯರೇ,

ಸವಿನಯ ನಮಸ್ಕಾರಗಳು. ನಾನು ಕನ್ನಡ ಮಾಧ್ಯಮದ ಹತ್ತನೆಯ ಇಯತ್ತೆಯ ವಿದ್ಯಾರ್ಥಿ. ತಾವು ನಮ್ಮ ಶಾಲೆಯಲ್ಲಿ ಓದಿ, ಈಗ ವಿದ್ಯುತ್ ವಿಭಾಗದಲ್ಲಿ ಇಂಜಿನಿಯರರಾಗಿದ್ದೀರೆಂದು ನಮ್ಮ ವಿಜ್ಞಾನದ ಶಿಕ್ಷಕರಿಂದ ತಿಳಿಯಿತು. ವಿದ್ಯುತ್ ಕೆಲಸವನ್ನು ಕಲಿಯಬೇಕೆಂಬುದು ನನ್ನ ಇಚ್ಛೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾನು ಒಂದು ಚಿಕ್ಕ ಜನರೇಟರನ್ನು ಮಾಡಿದ್ದೆನು. ಅದರ ಚಿತ್ರವನ್ನೂ, ಮಾಡಿದ ಕ್ರಮವನ್ನೂ ಜೊತೆಯಲ್ಲಿ ಇಟ್ಟಿದ್ದೇನೆ.

ಹತ್ತನೆಯ ಇಯತ್ತೆಯ ಅನಂತರ ಮೂರು ವರ್ಷದ ಡಿಪ್ಲೊಮಾಕ್ಕೆ ಸೇರಬಹುದು. ಅಥವಾ ಎರಡು ವರ್ಷದ ಐ.ಟಿ.ಐ. ಮುಗಿಸಿ ಆಮೇಲೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದೆಂದು ಓದಿದ್ದೇನೆ. ಮನೆಯ ಪರಿಸ್ಥಿತಿಯಿಂದಾಗಿ ನಾನು ಬೇಗ ದುಡಿಯಬೇಕಾಗಿದೆ. ಕೆಲಸದ ಅನುಭವವಿರುವ ತಮ್ಮ ಅಭಿಪ್ರಾಯದಲ್ಲಿ ನನ್ನಂತಹವನಿಗೆ ಇವೆರಡರಲ್ಲಿ ಯಾವುದು ಮೇಲು? ತಮಗೆ ಬಿಡುವಿದ್ದಾಗ ಎರಡು ಸಾಲು ಬರೆದರೆ ಸಾಕು. ಹದಿನೈದು ನಿಮಿಷ ಭೇಟಿಗೆ ಅವಕಾಶ ಕೊಟ್ಟರೆ ತಂದೆಯವರೊಡನೆ ಬಂದು ಕಾಣುವೆನು.

ಇತಿ ತಮ್ಮ ವಿಧೇಯ.'

ಈ ಪತ್ರದಲ್ಲಿ ಬರೆದವನ ಪರಿಚಯವಿದೆ, ತಮ್ಮ ವಿಷಯ ಹೇಗೆ ತಿಳಿಯಿತೆಂಬ ಸಂಶಯಕ್ಕೆ ಉತ್ತರವಿದೆ, ಕೈಕೆಲಸದ ಸಾಕ್ಷಿಯಿದೆ, ಸ್ವಪ್ರಯತ್ನದಿಂದ ಓದಿ ತಿಳಿದುದರ ಗುರುತಿದೆ. ಪ್ರಶ್ನೆಯು ಎರಡು ಸಾಲಿನಲ್ಲಿ ಉತ್ತರಿಸುವಷ್ಟು ಚಿಕ್ಕದು. 'ಸಾಧ್ಯವಿಲ್ಲ' ಎನ್ನಲು ಅವರಿಗೆ ಸುಲಭವಾಗಿರುವಂತೆ, 'ಆಗಲಿ' ಎನ್ನಲೂ ಸುಲಭವಾಗಿದೆ. ಬಡತನದ ಮಾತು ಒಂದೇ ವಾಕ್ಯದಲ್ಲಿ ಬಂದಿದೆ. ಅದೂ ಪ್ರಶ್ನೆಗೆ ಸಂಬಂಧಪಟ್ಟುದರಿಂದ. ಇದನ್ನು ಅಂಚೆಯಲ್ಲಿಯೇ ಕಳುಹಿಸಬೇಕೆಂದಿಲ್ಲ. ಇಮೇಲಿನಲ್ಲಿ ಕಳುಹಿಸಿದರೂ ಕ್ರಮ ಇದೇ. ಮೊಬೈಲಿನಲ್ಲಿ ಬರಿಯ 'ಹಲೋ ಸರ್' ಎಂದು ಕಳುಹಿಸಿ ಉತ್ತರಕ್ಕಾಗಿ ಕಾಯುವುದು ಮಾತ್ರ ಅವಿವೇಕ.

ಭಾಷೆಯ ವಿಷಯದಲ್ಲಿ ಅಂಜಿಕೆ ಬೇಡ. ಕನ್ನಡ ಬಲ್ಲವರಿಗೆ ಶುದ್ಧವಾದ ಕನ್ನಡದಲ್ಲಿಯೇ ಬರೆಯಿರಿ. ದೂರದ ಊರಿನಲ್ಲಿ ತಾಯ್ನುಡಿಯ ಪತ್ರವೊಂದು ಬಂದರೆ ಸಂತೋಷಪಡದ ಕನ್ನಡಿಗರು ವಿರಳ. ಇತರರಿಗಾದರೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಶಿಕ್ಷಕರಿಂದ ತಿದ್ದಿಸಿಕೊಳ್ಳಿರಿ. ಪತ್ರದ ತೂಕವಿರುವುದು ವಿಷಯದಲ್ಲಿ. ಅಲಂಕಾರದ ಇಂಗ್ಲಿಷಿನಿಂದ ಅದು ಹೆಚ್ಚುವುದಿಲ್ಲ.

ಭೇಟಿಯೂ ಎಚ್ಚರಿಕೆಯೂ

ಭೇಟಿಗೆ ಕರೆ ಬಂದರೆ ಹೇಳಿದ ವೇಳೆಗೆ ಐದು ನಿಮಿಷ ಮೊದಲೇ ಹೋಗಬೇಕು. ಲೋಕಲ್ ಗಾಡಿ ತಡವಾಯಿತೆಂಬ ಕಾರಣ ಈ ನಗರದಲ್ಲಿ ಎಲ್ಲರಿಗೂ ಗೊತ್ತಿರುವುದೇ; ಆದುದರಿಂದ ಒಂದು ಗಾಡಿ ಮೊದಲು ಹೊರಡುವುದು ಜಾಣತನ. ವಹಿಯೊಂದನ್ನು ಕೊಂಡೊಯ್ದು ಅವರು ಹೇಳಿದುದನ್ನು ಬರೆದುಕೊಳ್ಳಬೇಕು. ಮೊಬೈಲನ್ನು ಚೀಲದಲ್ಲಿಡಬೇಕು. ಹದಿನೈದು ನಿಮಿಷ ಕೇಳಿದ್ದರೆ ಹದಿನೈದನೆಯ ನಿಮಿಷಕ್ಕೆ ಏಳಲು ಸಿದ್ಧರಾಗಬೇಕು. ಇನ್ನೂ ಕುಳಿತುಕೊಳ್ಳೆಂದು ಅವರೇ ಹೇಳಿದರೆ ಅದು ಬೇರೆ ಮಾತು. ಏಳುವಾಗ, 'ಈ ವಿಷಯದಲ್ಲಿ ನಾನು ಇನ್ನಾರನ್ನು ಕಾಣಬಹುದು?' ಎಂದು ಕೇಳಲು ಮರೆಯಬೇಡಿರಿ. ರಾಮಾನುಜನ್ನರು ತಿರುಕ್ಕೋಯಿಲೂರಿನಿಂದ ಮದರಾಸಿಗೆ ಹೋದುದು ಈ ಬಾಗಿಲಿನಿಂದಲೇ.

ನೀವು ಇನ್ನೂ ಚಿಕ್ಕವರಾದುದರಿಂದ ಕೆಲವು ಎಚ್ಚರಿಕೆಗಳನ್ನು ಹೇಳುವುದು ನನ್ನ ಕರ್ತವ್ಯ. ಯಾರಿಗೆ ಬರೆದಿರಿ, ಯಾರನ್ನು ಕಾಣಲಿರುವಿರಿ ಎಂಬುದು ತಂದೆತಾಯಿಗಳಿಗೂ ಶಿಕ್ಷಕರಿಗೂ ತಿಳಿದಿರಲಿ. ಅಪರಿಚಿತರನ್ನು ಕಾಣಲು ಒಬ್ಬರೇ ಹೋಗಕೂಡದು. ಕಛೇರಿ, ವಾಚನಾಲಯ, ಶಾಲೆ ಮೊದಲಾದ ನಾಲ್ಕು ಜನರಿರುವ ಸ್ಥಳದಲ್ಲಿಯೇ ಹಿರಿಯರೊಡನೆ ಕಾಣಬೇಕು. ಭೇಟಿಯ ವಿಷಯವನ್ನು ಮನೆಯವರಿಂದ ಮುಚ್ಚಿಡೆಂದು ಯಾರಾದರೂ ಹೇಳಿದರೆ ಆ ಕೂಡಲೇ ಮನೆಯವರಿಗೆ ತಿಳಿಸಿರಿ. ನಿಜವಾದ ಮಾರ್ಗದರ್ಶಕರು ಹಣ ಕೇಳುವುದಿಲ್ಲ. 'ಇಷ್ಟು ಹಣ ಕೊಟ್ಟರೆ ಸೀಟು ಕೊಡಿಸುತ್ತೇನೆ, ನೌಕರಿ ಕೊಡಿಸುತ್ತೇನೆ' ಎನ್ನುವವರು ಈ ನಗರದಲ್ಲಿ ಕಡಿಮೆಯಿಲ್ಲ. ತಾಯಿಯ ಬಳೆ ಅಡವಿಟ್ಟು ತಂದ ಹಣ ಅಂತಹವರ ಕೈ ಸೇರಿದರೆ ಮರಳಿ ಬಾರದು.

ಉತ್ತರ ಬಾರದಿದ್ದರೆ

ಉತ್ತರ ಬಾರದಿದ್ದರೆ ಎದೆಗುಂದಬಾರದು. ಬಾರದ ಉತ್ತರಕ್ಕೆ ಕಾರಣಗಳು ಅನೇಕವಿರುತ್ತವೆ. ಅವರು ಊರಿನಲ್ಲಿ ಇಲ್ಲದಿರಬಹುದು, ಕೆಲಸದ ಒತ್ತಡವಿರಬಹುದು, ಪತ್ರ ಕೈ ಸೇರದಿರಬಹುದು. ಎರಡು ವಾರಗಳ ಅನಂತರ ಒಂದು ಸಲ ವಿನಯದಿಂದ ನೆನಪು ಮಾಡಿರಿ. ಆಗಲೂ ಉತ್ತರವಿಲ್ಲದಿದ್ದರೆ ಮೂರನೆಯ ಸಲ ಪೀಡಿಸದೆ ಬೇರೊಬ್ಬರಿಗೆ ಬರೆಯಿರಿ. ಮೊದಲೇ ನಾಲ್ಕೈದು ಹೆಸರುಗಳ ಪಟ್ಟಿ ಮಾಡಿಟ್ಟುಕೊಂಡವನಿಗೆ ಒಬ್ಬರ ಮೌನದಿಂದ ದಾರಿ ಮುಚ್ಚುವುದಿಲ್ಲ.

ಉತ್ತರ ಬಂದ ಮೇಲಿನ ಕರ್ತವ್ಯವು ಇನ್ನೂ ಮುಖ್ಯವಾದುದು. ಮೊದಲು ಕೃತಜ್ಞತೆಯ ಎರಡು ಸಾಲು ಬರೆಯಬೇಕು. ಅವರು ಹೇಳಿದ ಒಂದು ಕಾರ್ಯವನ್ನಾದರೂ ಮಾಡಿ, ಒಂದೆರಡು ತಿಂಗಳಲ್ಲಿ, 'ತಾವು ಹೇಳಿದಂತೆ ಮಾಡಿದೆ. ಫಲ ಹೀಗಾಯಿತು' ಎಂದು ತಿಳಿಸಬೇಕು. ಸಲಹೆ ಪಡೆದು ಮಾಯವಾಗುವವರೇ ಹೆಚ್ಚಾಗಿರುವ ಲೋಕದಲ್ಲಿ ಹಿಂದಿರುಗಿ ವರದಿ ಒಪ್ಪಿಸಿದ ವಿದ್ಯಾರ್ಥಿಯನ್ನು ಯಾವ ಹಿರಿಯರೂ ಮರೆಯುವುದಿಲ್ಲ. ಒಂದು ಪತ್ರದ ಪರಿಚಯವು ಬಾಳಿನ ಸಂಬಂಧವಾಗಿ ಬೆಳೆಯುವುದು ಇಲ್ಲಿಂದಲೇ.

ಹಾಗೆಂದು ಮಾರ್ಗದರ್ಶಕರ ಮಾತೆಲ್ಲ ವೇದವಾಕ್ಯವಲ್ಲ. ರಟ್ಟು ಕಟ್ಟುವ ವೃತ್ತಿಯನ್ನು ಬಿಡಬೇಡವೆಂದು ಡೇವಿಯು ಫ್ಯಾರಡೆಗೆ ಹೇಳಿದುದನ್ನು ನೋಡಿದೆವು. ಮುಂದೆ 1824ರಲ್ಲಿ ಫ್ಯಾರಡೆಯು ರಾಯಲ್ ಸೊಸೈಟಿಗೆ ಆಯ್ಕೆಯಾಗುವ ಸಂದರ್ಭದಲ್ಲಿ ಅದನ್ನು ವಿರೋಧಿಸಿದವನೂ ಅದೇ ಡೇವಿ. ಕೈಹಿಡಿದು ಒಳಗೆ ಕರೆದವರೂ ಮನುಷ್ಯರೇ. ಅವರಿಗೂ ತಪ್ಪು ತಿಳಿವಳಿಕೆ, ಅಸಮಾಧಾನಗಳಿರುತ್ತವೆ. ಅವರ ಮಾತನ್ನು ಗೌರವದಿಂದ ಕೇಳಿ, ಇನ್ನೊಬ್ಬರನ್ನೂ ವಿಚಾರಿಸಿ, ತಂದೆತಾಯಿಗಳೊಡನೆ ಆಲೋಚಿಸಿ, ಕೊನೆಯ ನಿರ್ಧಾರವನ್ನು ನೀವೇ ಮಾಡತಕ್ಕದ್ದು. ನಡೆಯುವ ಕಾಲು ನಿಮ್ಮದು.

ಒಬ್ಬ ಗಿರಾಕಿ ಕೊಟ್ಟ ಚೀಟಿಯಿಂದ ಉಪನ್ಯಾಸ ಮಂದಿರವನ್ನು ಪ್ರವೇಶಿಸಿದ ಫ್ಯಾರಡೆಯು ಆ ಉಪಕಾರವನ್ನು ಮರೆಯಲಿಲ್ಲವೆಂದೇ ಹೇಳಬೇಕು. ಅದೇ ಮಂದಿರದಲ್ಲಿ ಕ್ರಿಸ್ಮಸ್ಸಿನ ರಜೆಯಲ್ಲಿ ಬಾಲಕ ಬಾಲಕಿಯರಿಗಾಗಿ ಏರ್ಪಡುತ್ತಿದ್ದ ವಿಜ್ಞಾನದ ಉಪನ್ಯಾಸಮಾಲೆಗಳಲ್ಲಿ, 1827ರಿಂದ 1860ರವರೆಗಿನ ಅವಧಿಯಲ್ಲಿ, ಅವನು 19 ಮಾಲೆಗಳನ್ನು ತಾನೇ ನಡೆಸಿಕೊಟ್ಟನು. ವಿದ್ಯಾರ್ಥಿಗಳೇ, ಇನ್ನು ಹತ್ತು ವರ್ಷಗಳಲ್ಲಿ ಇದೇ ಶಾಲೆಯ ಯಾವುದೋ ಹುಡುಗ ಅಥವಾ ಹುಡುಗಿ ನಿಮಗೂ ಒಂದು ಪತ್ರ ಬರೆದಾರು. ಆಗ ಅದಕ್ಕೆ ಉತ್ತರ ಬರೆಯಲು ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿರಿ. ಸದ್ಯಕ್ಕೆ ಈ ರಜೆಯಲ್ಲಿ ನೀವು ಮಾಡಬೇಕಾದ ಕೆಲಸವಿಷ್ಟೇ: ನಿಮಗೆ ಪ್ರಿಯವಾದ ವೃತ್ತಿಯೊಂದನ್ನು ಆರಿಸಿ, ಅದಕ್ಕೆ ಸಂಬಂಧಿಸಿದ ಚಿಕ್ಕ ಕೆಲಸವೊಂದನ್ನು ನಿಮ್ಮ ಕೈಯಾರೆ ಮಾಡಿ, ಆ ದಾರಿ ಬಲ್ಲವರೊಬ್ಬರಿಗೆ ಒಂದು ಪತ್ರ ಬರೆಯಿರಿ. ತಿದ್ದಿಕೊಡಲು ನಿಮ್ಮ ಶಿಕ್ಷಕರಾದ ನಾವೆಲ್ಲರೂ ಇದ್ದೇವೆ.